ಟಾಕಿಯಿಂದ ಪಂಪ್‌ಹೌಸಿಗೆ ಒಂದೇ ತಂತಿ

ನಮ್ಮ ಮನೆಯವರು ತೀರಿಕೊಂಡು ಎರಡು ತಿಂಗಳಾಗುವ ಮೊದಲೇ ಅವರ ಕೆಲಸ ನನ್ನ ಕೈಗೆ ಬಂತು. ಊರಿಗೆ ನೀರು ಬಿಡುವ ಕೆಲಸ. ಎಂಬತ್ತರ ದಶಕ ಮುಗಿಯುತ್ತಾ ಬಂದಿತ್ತು. ನಮ್ಮೂರು ಶಿಗ್ಗಾಂವಿಗೂ ಸವಣೂರಿಗೂ ನಡುವೆ, ಡಾಂಬರು ರಸ್ತೆಯಿಂದ ಒಂದು ಮೈಲಿ ಒಳಗಿದೆ. ಹಳ್ಳದ ದಂಡೆಯ ಬಾವಿಯಿಂದ ಮೋಟರು ನೀರೆತ್ತಿ, ಊರ ಮೇಲಿನ ದಿನ್ನೆಯಲ್ಲಿರುವ ಟಾಕಿಗೆ ತುಂಬಿಸುತ್ತದೆ. ಟಾಕಿಯಿಂದ ಓಣಿಯ ನಲ್ಲಿಗಳಿಗೆ ನೀರು ಹೋಗುತ್ತದೆ. ಬೆಳಿಗ್ಗೆ ಮೋಟರು ಹಾಕಬೇಕು, ತುಂಬಿದಾಗ ಆರಿಸಬೇಕು, ಓಣಿಗೊಂದರಂತೆ ವಾಲ್ವ್ ತಿರುಗಿಸಬೇಕು. ಹೇಳುವುದಕ್ಕೆ ಇಷ್ಟೇ.

ಅವರು ಎತ್ತರದ ಮನುಷ್ಯ. ಮೋಟರಿನ ಸ್ಟಾರ್ಟರನ್ನು ತಮ್ಮ ಕಣ್ಣಿನ ಮಟ್ಟಕ್ಕೆ ಗೋಡೆಗೆ ಕೂರಿಸಿದ್ದರು. ಅದು ನನ್ನ ತಲೆಗಿಂತ ಮೇಲೆ ಬರುತ್ತಿತ್ತು. ಮೊದಲ ದಿನ ಎರಡು ಇಟ್ಟಿಗೆ ಇಟ್ಟುಕೊಂಡು, ಅದರ ಮೇಲೆ ನಿಂತು ಗುಂಡಿ ಒತ್ತಿದೆ. ಅವರು ಇಲ್ಲ ಎನ್ನುವುದು ಮಣ್ಣು ಮಾಡಿದ ದಿನಕ್ಕಿಂತ ಹೆಚ್ಚಾಗಿ ಆ ಇಟ್ಟಿಗೆಗಳ ಮೇಲೆ ನಿಂತಾಗ ನನಗೆ ತಿಳಿಯಿತು.

ಮಂಡಲ ಪಂಚಾಯತಿಯಲ್ಲಿ ಕೆಲವರು ನನ್ನನ್ನು ಒಪ್ಪಿರಲಿಲ್ಲ. ಹೆಣ್ಣುಮಗಳು ದಿನಾ ಟಾಕಿ ಹತ್ತಿ ನೀರು ನೋಡಲು ಆಗುತ್ತದೆಯೇ ಎಂದಿದ್ದರು. ಅದಕ್ಕೆ ಮಂಡಲದ ಮುಖ್ಯಸ್ಥರಾದ ಪ್ರಧಾನರೇ, "ಹತ್ತೂದು ಯಾಕ? ಡಬ್ಬಿ ಐತಲ್ಲ, ಅದ ಹೇಳ್ತೈತಿ," ಎಂದು ಮಾತು ಮುಗಿಸಿದ್ದರು.

ಆ ಡಬ್ಬಿಯ ವಿಷಯ ಹೇಳಬೇಕು. ಹಿಂದಿನ ದೀಪಾವಳಿಗೆ ಮುಂಚೆ ಹುಬ್ಬಳ್ಳಿಯ ಒಂದು ಸಣ್ಣ ಕಾರ್ಖಾನೆಯವರು ಅದನ್ನು ಪ್ರಯೋಗಕ್ಕೆಂದು ಕೊಟ್ಟಿದ್ದರು. ಟಾಕಿಯ ಒಳಗೆ ಒಂದು ತೇಲುಗುಂಡು. ನೀರು ಏರಿದಂತೆ ಅದೂ ಏರಿ, ಮೇಲಿನ ಒಂದು ಗಾಲಿಯನ್ನು ತಿರುಗಿಸುತ್ತಿತ್ತು. ಅದಕ್ಕೆ ಸೆನ್ಸರ್ ಎಂದು ಹೆಸರು. ಗಾಲಿಯ ಪಕ್ಕದ ಪೆಟ್ಟಿಗೆ ನೀರಿನ ಮಟ್ಟವನ್ನು ಅಂಕಿ ಮಾಡಿ ಹತ್ತು ಸೆಕೆಂಡಿಗೊಮ್ಮೆ ತಂತಿಯ ಮೂಲಕ ಪಂಪ್‌ಹೌಸಿಗೆ ಕಳಿಸುತ್ತಿತ್ತು. ಪಂಪ್‌ಹೌಸಿನ ಡಬ್ಬಿಯಲ್ಲಿ ಎರಡೂ ಕಡೆ ಸಾಲುಗಾಲು ಇರುವ, ಜರಿಹುಳದಂಥ ಒಂದು ಕಪ್ಪು ಚಿಪ್ಪು ಇತ್ತು. ಅದೇ ಮೈಕ್ರೋಕಂಟ್ರೋಲರ್. ತಂತಿಯಲ್ಲಿ ಬಂದದ್ದನ್ನು ಓದಿ, ಕೆಂಪು ದೀಪದ ಎರಡು ಅಂಕಿಗಳಲ್ಲಿ ತೋರಿಸುವುದು, ಟಾಕಿ ತುಂಬಿದಾಗ ಮೋಟರು ಆರಿಸುವುದು ಅದರ ಕೆಲಸ. ಒಂದರ ಹಿಂದೆ ಒಂದು ಮೂರು ಸುದ್ದಿ ಬಾರದೆ ಹೋದರೆ ಅಂಕಿಯ ಜಾಗದಲ್ಲಿ ಇಂಗ್ಲಿಷಿನ ಇ ಮತ್ತು ಆರ್ ಅಕ್ಷರಗಳು ಬಂದು ಮೋಟರು ನಿಂತುಬಿಡುತ್ತಿತ್ತು. ಟಾಕಿಯಲ್ಲಿ ಎಷ್ಟಿದೆ ಎಂದು ಗೊತ್ತಿಲ್ಲದೆ ನೀರೆತ್ತಿ ಚೆಲ್ಲಬಾರದೆಂದು ಹಾಗೆ ಮಾಡಿದ್ದರು.

ಡಬ್ಬಿಯನ್ನು ಹುಬ್ಬಳ್ಳಿಯಿಂದ ಬಸ್ಸಿನಲ್ಲಿ ತೊಡೆಯ ಮೇಲೆ ಇಟ್ಟುಕೊಂಡು ತಂದವರು ನಮ್ಮ ಮನೆಯವರು. ಕಂಬ ಹುಗಿದು ತಂತಿ ಎಳೆದವರೂ ಅವರೇ. ಹರೆಯದಲ್ಲಿ ಹಾನಗಲ್ಲಿನಿಂದ ಅಕ್ಕಿಆಲೂರಿನ ಕಡೆಗೆ ಟೆಲಿಫೋನ್ ಕಂಬ ಹಾಕುವವರ ಜೊತೆ ಕೂಲಿ ಮಾಡಿದ್ದರು. ತಂತಿಯ ಕೆಲಸ ಗೊತ್ತು ಎನ್ನುವ ಹಮ್ಮು ಅವರಿಗೆ ಸ್ವಲ್ಪ ಇತ್ತು. ಅವರ ಕೈಯಲ್ಲಿ ಮೂರು ತಿಂಗಳು ಡಬ್ಬಿ ನಡೆಯಿತು. ಆಮೇಲೆ ಅವರಿಗೆ ಕಾಮಾಲೆಯಾಯಿತು. ಇಪ್ಪತ್ತು ದಿನ ಮಲಗಿದರು, ಹೋದರು. ಅದರ ಬಗ್ಗೆ ಇಲ್ಲಿ ಹೆಚ್ಚು ಬರೆಯುವುದಿಲ್ಲ.

ಕೆಲಸಕ್ಕೆ ಸೇರಿದ ಮೇಲೆ ನಾನು ಮಾಡಿಸಿದ ಮೊದಲ ಕೆಲಸ ಟಾಕಿಯ ಸೋರಿಕೆ ಮುಚ್ಚಿಸಿದ್ದು. ಟಾಕಿಯ ತಳದ ಒಂದು ಮೂಲೆಯಿಂದ ವರ್ಷಗಳಿಂದ ನೀರು ತೊಟ್ಟಿಕ್ಕುತ್ತಿತ್ತು. ಮುಚ್ಚಿಸಬಾರದೇ ಎಂದು ನಮ್ಮ ಮನೆಯವರನ್ನು ನಾನು ಹಲವು ಸಲ ಕೇಳಿದ್ದೆ. "ಇರ್ಲಿ ಬಿಡು, ಆಯಿ ಕೊತ್ತಂಬ್ರಿ ಬೆಳಕೋತಾಳ," ಎನ್ನುತ್ತಿದ್ದರು. ಟಾಕಿಯ ಬುಡದಲ್ಲಿ ಒಂದು ಗುಡಿಸಿಲಿನಲ್ಲಿ ಒಬ್ಬಳು ಮುದುಕಿ ಇದ್ದಳು. ಊರೆಲ್ಲ ಅವಳಿಗೆ ಆಯಿ ಎನ್ನುತ್ತಿತ್ತು. ಸೋರುವ ನೀರಿನಲ್ಲಿ ಅವಳು ಎರಡು ಮಡಿ ಕೊತ್ತಂಬರಿ, ಒಂದು ಮಡಿ ಮೆಂತ್ಯ ಮಾಡಿಕೊಂಡು ಸಂತೆಯಲ್ಲಿ ಮಾರುತ್ತಿದ್ದಳು.

ಹೊಸದಾಗಿ ಬಂದವಳು ಏನೋ ಮಾಡಿ ತೋರಿಸಬೇಕು ಎನ್ನುವ ಆಸೆ ನನಗೆ. ಪ್ರಧಾನರನ್ನು ಒಪ್ಪಿಸಿ, ಹೋಳಿ ಹುಣ್ಣಿಮೆ ಮುಗಿದ ಮೇಲೆ ಸವಣೂರಿನಿಂದ ಗಾರೆ ಕೆಲಸದ ಗೌಂಡಿ ಚಾಚಾನನ್ನು ಕರೆಸಿದೆ. ಗಲ್ಲದ ತುದಿಗೆ ಕುಂಚದಂಥ ಗಡ್ಡ ಬಿಟ್ಟ, ಮಾತುಗಾರ ಮನುಷ್ಯ. ಎರಡು ದಿನ ಕೆಲಸ ಮಾಡಿ ಕೆಳಗಿಳಿದು ಬಂದ.

"ಅಕ್ಕಾರ, ಇನ್ನ ಒಂದ ಹನಿ ಬಿತ್ತಂದ್ರ ನನ್ನ ಗಡ್ಡಾ ಬೋಳಸ್ತೇನಿ," ಎಂದ.

ಆಯಿ ಗುಡಿಸಿಲಿನ ಬಾಗಿಲಲ್ಲೇ ಕುಳಿತು ಹೇಳಿದಳು, "ನಿನ್ನ ಗಡ್ಡಾ ಯಾರಿಗೆ ಬೇಕಾಗೇತಿ? ನನ್ನ ಕೊತ್ತಂಬ್ರಿಗೆ ನೀರು ಎಲ್ಲಿಂದ ತರ್ಲಿ ಅದನ್ನ ಹೇಳು."

"ನಲ್ಲಿ ಐತಲ್ಲ ಆಯಿ."

"ನಲ್ಲ್ಯಾಗ ಬರೂದು ಬಾಯಿ ತೊಳ್ಯಾಕ ಸಾಲೂದಿಲ್ಲ. ಹೋಗ್ ಹೋಗ್, ದೊಡ್ಡ ಕೆಲಸಾ ಮಾಡೀದಿ."

ಯುಗಾದಿಯ ಆಸುಪಾಸಿನಲ್ಲಿ ಡಬ್ಬಿಯಲ್ಲಿ ಇ-ಆರ್ ಕಾಣಿಸಿಕೊಂಡಿತು. ಮೊದಲು ದಿನಕ್ಕೆ ಒಮ್ಮೆ ಬಂದು ಹೋಗುತ್ತಿತ್ತು. ವಾರ ಕಳೆಯುವುದರಲ್ಲಿ ಗಂಟೆಗಟ್ಟಲೆ ನಿಂತಿತು. ಆಮೇಲೆ ಅಂಕಿ ಬರುವುದೇ ನಿಂತು ಹೋಯಿತು. ಡಬ್ಬಿಯ ಪಕ್ಕದಲ್ಲಿ ಒಂದು ಗುಂಡಿ ಇತ್ತು. ಅದನ್ನು ತಿರುಗಿಸಿದರೆ ಡಬ್ಬಿಯನ್ನು ಬಿಟ್ಟು ಮೋಟರು ನಡೆಸಬಹುದು. ಹಾಗೆ ನಡೆಸಿ, ಸೀರೆ ಕಚ್ಚೆ ಕಟ್ಟಿಕೊಂಡು, ಟಾಕಿಯ ಕಬ್ಬಿಣದ ಮೆಟ್ಟಿಲು ಹತ್ತಿ ನೀರು ನೋಡಿ, ಇಳಿದು, ಅರ್ಧ ಮೈಲಿಗೂ ಹೆಚ್ಚು ನಡೆದು ಬಂದು ಮೋಟರು ಆರಿಸುತ್ತಿದ್ದೆ. ನನಗೆ ಹತ್ತುವುದು ಕಷ್ಟ ಅನ್ನಿಸಲಿಲ್ಲ. ಕಷ್ಟವಾದದ್ದು ಪ್ರಧಾನರ ಮಾತು.

"ತಂತಿ ಕಟ್ಟಿದ್ದ ಸರಿ ಇಲ್ಲಂತ ಕಾಣ್ತೈತಿ ನೋಡವಾ," ಎಂದರು. "ಅಂವ ಒಳ್ಳೇವನ, ಇಲ್ಲ ಅನ್ನೂದಿಲ್ಲ. ಆದ್ರ ಅಂವೇನ್ ಕಲತಾಂವಲ್ಲ. ತಿಳದಂಗ ಕಟ್ಟ್ಯಾನ. ಈ ತಿಂಗಳ ಮುಗೀಲಿ. ಸರಿ ಆಗಲಿಲ್ಲಂದ್ರ ಡಬ್ಬಿ ತಿರುಗಿ ಕಳಸ್ತೇವಿ, ತಂತಿ ಬಿಚ್ಚಿ ಬೀದಿ ದೀಪಕ್ಕರ ಹಾಕ್ತೇವಿ."

"ಬಿಚ್ಚಾಕ ಬಿಡೂದಿಲ್ರಿ," ಎಂದೆ. ನಾನು ಅವರ ಮುಂದೆ ಅಷ್ಟು ಗಟ್ಟಿಯಾಗಿ ಮಾತನಾಡಿದ್ದು ಅದೇ ಮೊದಲು.

ನಮ್ಮ ಮನೆಯವರ ಅಂಗಿ, ರುಮಾಲು ಎಲ್ಲ ಕೊಟ್ಟಾಗಿತ್ತು. ಊರಿನಲ್ಲಿ ಅವರ ಕೈ ಮುಟ್ಟಿ ನಿಂತಿದ್ದ ವಸ್ತು ಎಂದರೆ ಆ ತಂತಿಯೊಂದೇ. ತಿಳಿಯದವನು ಕಟ್ಟಿದ್ದು ಎಂದು ಹೇಳಿ ಅದನ್ನು ಕೀಳುವುದನ್ನು ನಾನು ನೋಡಲಾರೆ ಎಂದು ಆ ದಿನವೇ ನಿಶ್ಚಯಿಸಿದೆ. ತಪ್ಪು ಡಬ್ಬಿಯದು, ಇಲ್ಲವೇ ತೇಲುಗುಂಡಿನದು. ಅದನ್ನು ಹುಡುಕಿ ತೋರಿಸಬೇಕು.

ಮರುದಿನ ಟಾಕಿಯೊಳಗೆ ಕೈ ಇಳಿಸಿ ತೇಲುಗುಂಡಿನ ಪಾಚಿ ಉಜ್ಜಿದೆ. ಗಾಲಿಗೆ ಹೊಲಿಗೆ ಯಂತ್ರದ ಎಣ್ಣೆ ಬಿಟ್ಟೆ. ಇ-ಆರ್ ಹೋಗಲಿಲ್ಲ. ಹುಬ್ಬಳ್ಳಿಗೆ ಕಾರ್ಡು ಬರೆದೆ. ಐದು ದಿನಕ್ಕೆ ಕಾರ್ಖಾನೆಯ ಎಂಜಿನಿಯರು ಬಂದರು. ನನ್ನ ತಮ್ಮನ ವಯಸ್ಸಿನವರು, ಬಿಸಿಲಿಗೆ ಮುಖ ಕೆಂಪಾಗಿತ್ತು. ನಾನು ಕೊಟ್ಟ ಮಜ್ಜಿಗೆ ಕುಡಿದು, ಟಾಕಿಯ ಪೆಟ್ಟಿಗೆಯನ್ನೇ ಬಿಚ್ಚಿಸಿ ಪಂಪ್‌ಹೌಸಿಗೆ ತರಿಸಿದರು. ಅದನ್ನು ಡಬ್ಬಿಯ ಪಕ್ಕದಲ್ಲೇ ಇಟ್ಟು, ಮೊಳದುದ್ದದ ಎರಡು ವೈರುಗಳಿಂದ ಜೋಡಿಸಿದರು. ಕೈಯಿಂದ ಗಾಲಿ ತಿರುಗಿಸಿದರು. ಕೆಂಪು ಅಂಕಿ ಬಂತು. ತಿರುಗಿಸಿದಂತೆ ಅಂಕಿ ಏರಿತು, ಇಳಿಯಿತು.

"ನೋಡ್ರಿ ಅಕ್ಕಾರ, ಹೇಳಾಂವಾ ಹೇಳಾಕತ್ತಾನ, ಕೇಳಾಂವಾ ಕೇಳಾಕತ್ತಾನ. ಇವೆರಡೂ ಚಲೋ ಅದಾವು. ಕೆಟ್ಟಿದ್ದು ನಡುವಿನ ದಾರಿ."

ನಡುವಿನ ದಾರಿ ಎಂದರೆ ತಂತಿ.

"ದಾರಿ ಅರ್ಧ ಮಾಡ್ರಿ," ಎಂದು ಅವರು ಕಲಿಸಿಕೊಟ್ಟರು. "ನಡುವಿನ ಕಂಬ ಹತ್ತಿ, ಎರಡೂ ತಂತಿಗೆ ಮೀಟರಿನ ವೈರಿನ ತುದಿ ಮುಳ್ಳು ಹಚ್ಚಿ ನೋಡ್ರಿ. ಹತ್ತು ಸೆಕೆಂಡಿಗೆ ಒಮ್ಮೆ ಮೀಟರಿನೊಳಗಿನ ಕಡ್ಡಿ ಕುಣೀಬೇಕು. ಕುಣೀತಂದ್ರ ಟಾಕಿಯಿಂದ ಅಲ್ಲೀತನಕ ದಾರಿ ಚಲೋ ಐತಿ, ಕೆಟ್ಟಿದ್ದು ಈ ಕಡೆ ಅರ್ಧದಾಗ. ಆ ಅರ್ಧಾನ ಮತ್ತ ಅರ್ಧಾ ಮಾಡ್ರಿ. ನಾಕ ಕಂಬ ಹತ್ತೂದ್ರೊಳಗ ಸಿಗ್ತೈತಿ."

ಸಂಜೆಯ ಬಸ್ಸು ತಪ್ಪಿದರೆ ಅವರಿಗೆ ಹುಬ್ಬಳ್ಳಿಗೆ ಹೋಗಲು ದಾರಿ ಇರಲಿಲ್ಲ. ಪೆಟ್ಟಿಗೆಯನ್ನು ಮತ್ತೆ ಟಾಕಿಯ ಮೇಲೆ ಮೊದಲಿದ್ದಂತೆ ಹಾಕಿಸಿ, ಡಬ್ಬಿಯ ಜೊತೆ ಬರುವ ಅಚ್ಚಿನ ಕಾಗದದ ಇನ್ನೊಂದು ಪ್ರತಿ ಕೊಟ್ಟು ಹೊರಟುಹೋದರು. ಕರೆಂಟು ನೋಡುವ ನಮ್ಮ ಮನೆಯವರ ಮೀಟರು ಮನೆಯಲ್ಲಿತ್ತು. ಮರುದಿನ ಮಧ್ಯಾಹ್ನ ನೀರು ಬಿಡುವುದು ಮುಗಿದ ಮೇಲೆ ಏಣಿ ಹೊತ್ತುಕೊಂಡು ಬಂಡಿದಾರಿಗುಂಟ ನಡೆದೆ. ಒಟ್ಟು ಹತ್ತೊಂಬತ್ತು ಕಂಬ. ಹತ್ತನೆಯದಕ್ಕೆ ಏಣಿ ಹಾಕಿ ಹತ್ತಿದೆ.

ತಂತಿಯನ್ನು ಕಂಬಕ್ಕೆ ಸೈಕಲ್ ಟ್ಯೂಬಿನ ಪಟ್ಟಿಯಿಂದ ಕಟ್ಟಿದ್ದರು. ಮೀಟರಿನ ಒಂದು ಮುಳ್ಳು ಹಚ್ಚಿದೆ. ಇನ್ನೊಂದು ಮುಳ್ಳು ಹಚ್ಚಲು ಎರಡನೆಯ ತಂತಿ ಹುಡುಕಿದೆ. ಇರಲಿಲ್ಲ. ಕಂಬದ ಸುತ್ತ ಕೈಯಾಡಿಸಿದೆ. ಹಿಂದಿನ ಕಂಬ, ಮುಂದಿನ ಕಂಬ ನೋಡಿದೆ. ಅಷ್ಟು ತಿಂಗಳು ಅದರ ಕೆಳಗೆ ಓಡಾಡಿದ್ದೆ. ನೆಲದಿಂದ ನೋಡಿದವರಿಗೆ ಒಂದೋ ಎರಡೋ ತಿಳಿಯುವಂತಿರಲಿಲ್ಲ. ಒಂದೇ ತಂತಿ.

ಏಣಿಯ ಮೇಲೆ ನಿಂತೇ ಕಾಗದ ಬಿಚ್ಚಿ ಓದಿದೆ. ಟಾಕಿಯಿಂದ ಡಬ್ಬಿಗೆ ಎರಡು ತಂತಿ ಎಂದು ಚಿತ್ರವೇ ಇತ್ತು.

ಆಗ ಒಂದೊಂದಾಗಿ ನೆನಪಾಯಿತು. ಕಾರ್ಖಾನೆಯವರು ಕೊಟ್ಟದ್ದು ಆರುನೂರು ಮೀಟರು ಜೋಡಿ ವೈರು. ಹಳ್ಳದಿಂದ ದಿನ್ನೆಗೆ ನೇರವಾಗಿ, ಒಬ್ಬ ಗೌಡರ ಹತ್ತಿ ಹೊಲದ ಮೇಲೆ ಹಾಯಿಸಿದರೆ ಅಷ್ಟು ಸಾಕು. ಗೌಡರು ಹೊಲದಲ್ಲಿ ಕಂಬ ಬೇಡ ಎಂದರು. ಬಂಡಿದಾರಿಯಲ್ಲಿ ಸುತ್ತಿ ಬಂದರೆ ಸಾವಿರ ಮೀಟರು. ಡಬ್ಬಿ ಶುರು ಮಾಡುವ ದಿನ ಆಗಲೇ ನಿಗದಿಯಾಗಿತ್ತು, ಹೆಚ್ಚಿನ ವೈರು ತರಿಸಲು ಹೊತ್ತಿರಲಿಲ್ಲ. ಆ ವಾರ ಒಂದು ಇಡೀ ಮಧ್ಯಾಹ್ನ ಅವರು ಅಂಗಳದಲ್ಲಿ ಕುಳಿತು, ಜೋಡಿ ವೈರನ್ನು ಬಿಡಿಸಿ ಬೇರೆ ಬೇರೆ ಸುರುಳಿ ಸುತ್ತುತ್ತಿದ್ದರು. ಯಾಕೆ ಎಂದು ಕೇಳಿದ್ದಕ್ಕೆ, "ಎರಡು ಕೂಡಿ ಇದ್ರ ನಮ್ಮಂಗ ಜಗಳಾಡ್ತಾವು," ಎಂದು ನಕ್ಕಿದ್ದರು. ನಾನೂ ನಕ್ಕು ಒಳಗೆ ಹೋಗಿದ್ದೆ. ಹಳೆಯ ಟೆಲಿಗ್ರಾಫ್ ತಾರಿನ ಕಾಲದಲ್ಲಿ ಒಂದೇ ತಂತಿ ಇರುತ್ತಿತ್ತು, ತಿರುಗಿ ಬರುವ ದಾರಿ ಭೂಮಿಯೇ ಎಂದು ಹಾನಗಲ್ಲಿನ ಲೈನ್‌ಮನ್‌ಗಳು ಅವರಿಗೆ ಹೇಳಿದ್ದರಂತೆ. ಅದನ್ನೇ ಮಾಡಿದ್ದರು. ಯಾರಿಗೂ ಹೇಳಿರಲಿಲ್ಲ.

ಏಣಿಯನ್ನು ಅಲ್ಲೇ ಬಿಟ್ಟು ಟಾಕಿಗೆ ಹೋದೆ. ಪೆಟ್ಟಿಗೆಯ ಎರಡನೆಯ ವೈರು ಟಾಕಿಯ ಕಾಲಿನ ಗುಂಟ ಇಳಿದು ನೆಲದಲ್ಲಿ ಹುಗಿದ ಒಂದು ಕಬ್ಬಿಣದ ಸರಳಿಗೆ ಸೇರಿತ್ತು. ಸರಳು ಇದ್ದದ್ದು ಆಯಿಯ ಕೊತ್ತಂಬರಿ ಮಡಿಯ ಅಂಚಿನಲ್ಲಿ. ಮಡಿಯಲ್ಲಿ ಈಗ ಒಣ ಕಡ್ಡಿ. ಎರೆಮಣ್ಣು ನೀರಿಲ್ಲದೆ ಕೈ ಹೋಗುವಷ್ಟು ಬಿರಿದಿತ್ತು. ಒಂದು ಬಿರುಕು ಸರಳಿನ ಬುಡಕ್ಕೇ ಬಂದಿತ್ತು. ಹಿಡಿದು ನೋಡಿದೆ. ಬೀಳುವ ಹಲ್ಲಿನ ಹಾಗೆ ಅಲುಗಾಡಿತು. ಒಂದು ಕಡೆಗೂ ಮಣ್ಣು ಅದನ್ನು ಮುಟ್ಟುತ್ತಿರಲಿಲ್ಲ. ತಿರುಗಿ ಬರುವ ದಾರಿ ಅಲ್ಲೇ ಕಡಿದಿತ್ತು.

ಆಯಿ ಬಂದು ಪಕ್ಕದಲ್ಲಿ ನಿಂತಳು. "ಈಗ ನೋಡಾಕ ಬಂದಿ? ಗಡ್ಡದಾಂವಾ ಹೋದ ಎಂಟ ದಿನಕ್ಕ ಹಿಂಗಾತು. ನಿನ್ನ ಗಂಡಾ ಇದ್ದಾಗ ಎಂದೂ ಒಣಗಿದ್ದಿಲ್ಲ. ಸೋರೂದು ಮುಚ್ಚಬ್ಯಾಡ ಅಂತ ನನಗೂ ಹೇಳಿದ್ದ."

ಅವರಿಗೆ ಗೊತ್ತಿತ್ತು. ಮುದುಕಿಯ ಕೊತ್ತಂಬರಿ ಎಂದು ನನ್ನ ಬಾಯಿ ಮುಚ್ಚಿಸಿದ್ದರು. ಸೋರಿಕೆ ಅವರ ತಂತಿಗೆ ಬೇಕಾಗಿತ್ತು. ಅದನ್ನು ಮುಚ್ಚಿಸಿದವಳು ನಾನು.

"ಆಯಿ, ಒಂದು ಕೊಡ ನೀರು ಕೊಡು," ಎಂದೆ.

ಸರಳಿನ ಬುಡಕ್ಕೆ ನಿಧಾನವಾಗಿ ಸುರಿದೆ. ಬಿರುಕು ಗಟಗಟ ಕುಡಿಯಿತು. ಇನ್ನೊಂದು ಕೊಡ ಸುರಿದು, ಕಾಲಿನಿಂದ ಮಣ್ಣು ತುಳಿದು, ಪಂಪ್‌ಹೌಸಿಗೆ ನಡೆದೆ. ಓಡಲಿಲ್ಲ, ಓಡಿದರೆ ಅಂಕಿ ಬಾರದೆ ಹೋದೀತು ಅನ್ನಿಸಿತ್ತು. ಬಾಗಿಲು ತೆರೆದಾಗ ಡಬ್ಬಿಯಲ್ಲಿ ನಲವತ್ತೊಂದು ಎಂದು ತೋರುತ್ತಿತ್ತು.

ಇಲ್ಲಿಂದ ಮುಂದೆ ನಾನು ಮಾಡಿದ್ದು ಸರಿಯಲ್ಲ. ಆದರೂ ಬರೆಯುತ್ತೇನೆ.

ಪ್ರಧಾನರಿಗೆ ಹೇಳಿದ್ದರೆ ಒಂದು ಮಾತಿನಲ್ಲಿ ಮುಗಿಯುತ್ತಿತ್ತು. ಹೇಳಲಿಲ್ಲ. ಹೇಳಿದರೆ ಅವರ ಮಾತೇ ನಿಜವಾಗುತ್ತಿತ್ತು. ಅದರ ಬದಲು ದಿನಾ ಬೆಳಿಗ್ಗೆ ಎರಡು ಕೊಡ ನೀರು ಸರಳಿಗೆ ಹಾಕತೊಡಗಿದೆ. ಡಬ್ಬಿ ನಡೆಯಿತು. ತಿಂಗಳು ಮುಗಿಯಿತು, ಯಾರೂ ತಂತಿಯ ಮಾತೆತ್ತಲಿಲ್ಲ. ಪ್ರಧಾನರು ಒಂದು ದಿನ ಪಂಪ್‌ಹೌಸಿಗೆ ಬಂದು ಅಂಕಿ ನೋಡಿ, "ಅಂವನ ಕೈ ಗಟ್ಟಿ ಇತ್ತವಾ, ನಾನ ಸುಮ್ಮನ ಮಾತಾಡಿದೆ," ಎಂದರು. ನಾನು ತಲೆ ತಗ್ಗಿಸಿ ನಿಂತೆ. ಅವರಿಗೆ ಅದು ದುಃಖ ಎಂದು ಕಂಡಿರಬೇಕು.

ಆಯಿಗೆ ಮಾತ್ರ ಗೊತ್ತಿತ್ತು. ಕೊಡ ಇಳಿಸುವುದನ್ನು ನೋಡಿ ಅವಳು, "ನನ್ನ ಕೊತ್ತಂಬ್ರಿ ಸತ್ತ ಹೋತು. ಕಬ್ಬಣಕ್ಕ ನೀರುಣಸಾಕತ್ತೀ. ಚಿಗುರಿತಂದ್ರ ನನಗೂ ಒಂದ ಸಿವುಡ ಕೊಡು," ಎನ್ನುತ್ತಿದ್ದಳು.

ಬಿಸಿಲು ಏರಿತು. ಬಾವಿಯ ನೀರು ಇಳಿಯಿತು. ಓಣಿಗೆ ದಿನ ಬಿಟ್ಟು ದಿನ ನೀರು ಬಿಡುವಂತಾಯಿತು. ಎರಡು ಕೊಡ ಸಾಲದೆ ಸರಳಿಗೆ ಮೂರು ಕೊಡ ಬೇಕಾಯಿತು. ನಾಲ್ಕಾಯಿತು.

ಆ ನಡುವೆ ಹಿರೇಕೆರೂರು ತಾಲೂಕಿನ ಚಿಕ್ಕೇರೂರಿನಿಂದ, ನನ್ನ ತವರಿನಿಂದ, ಅವ್ವನಿಗೆ ಜ್ವರ ಬಿಟ್ಟಿಲ್ಲ ಎಂದು ಸುದ್ದಿ ಬಂತು. ಎರಡು ದಿನಕ್ಕೆ ಮಂಡಲದ ಸಿಪಾಯಿಗೆ ಕೀಲಿ ಕೊಟ್ಟೆ. ಡಬ್ಬಿ ಎಲ್ಲ ನೋಡಿಕೊಳ್ಳುತ್ತದೆ, ಗುಂಡಿ ಒತ್ತಿದರೆ ಸಾಕು ಎಂದೆ. ಡಬ್ಬಿಯನ್ನು ಬಿಟ್ಟು ನಡೆಸುವುದನ್ನು ತೋರಿಸಲಿಲ್ಲ. ತೋರಿಸಿದರೆ ಅದು ಯಾಕೆ ಬೇಕಾಗುತ್ತದೆ ಎಂದು ಕೇಳುತ್ತಿದ್ದ. ಸರಳಿಗೆ ನೀರು ಹಾಕಲು ಆಯಿಗೆ ಹೇಳಿ ಬಸ್ಸು ಹತ್ತಿದೆ. ರಟ್ಟೀಹಳ್ಳಿ ದಾಟುವವರೆಗೂ ಆ ನಾಲ್ಕು ಕೊಡಗಳ ಬಗ್ಗೆಯೇ ಯೋಚಿಸುತ್ತಿದ್ದೆ. ಅವ್ವ ನನ್ನ ಮುಖ ನೋಡಿ, "ಜ್ವರಾ ನನಗೋ ನಿನಗೋ?" ಎಂದಳು.

ಮೂರನೆಯ ದಿನ ಬೆಳಿಗ್ಗೆ ತಿರುಗಿ ಬಂದೆ. ಬಸ್ಸಿನಿಂದ ಇಳಿದು ಊರೊಳಗೆ ಬರುವಾಗ ಮೊದಲ ನಲ್ಲಿಯ ಹತ್ತಿರ ಕೊಡಗಳ ಸಾಲು ಕಂಡಿತು. ಎಲ್ಲ ಖಾಲಿ. ಹೆಂಗಸರು ಮಾತು ನಿಲ್ಲಿಸಿ ನನ್ನನ್ನು ನೋಡಿದರು. ಅವರಲ್ಲಿ ಒಬ್ಬಳು, ನನ್ನ ಓಣಿಯವಳೇ, ಸೊಂಟದ ಮೇಲಿನ ಕೂಸನ್ನು ಬದಲಿಸಿಕೊಂಡು ಕೇಳಿದಳು.

"ಬಂದ್ಯಾ ವೈನಿ? ಗಂಡನ ತಂತಿಗೆ ದಿನಾ ನಾಕ ಕೊಡ ಹಾಕ್ತಿ ಅಂತಲ್ಲ. ನಮ್ಮ ಮನ್ಯಾಗ ಎರಡ ದಿನದಿಂದ ಒಂದ ಕೊಡಾ ಇಲ್ಲ."

ನೇರವಾಗಿ ಆಯಿಯ ಹತ್ತಿರ ಹೋದೆ. ಅವಳು ನನಗಿಂತ ಮೊದಲೇ ಮಾತು ತೆಗೆದಳು.

"ಸಿಟ್ಟಾಗಬ್ಯಾಡ. ನಲ್ಲ್ಯಾಗ ನೀರ ಬರ್ಲಿಲ್ಲ. ಇದ್ದಿದ್ದು ಒಂದ ಕೊಡ. ಸರಳಿಗೆ ಹಾಕ್ಲೋ, ನನ್ನ ಬಾಯಾಗ ಹಾಕ್ಕೊಳ್ಳೋ? ಸಿಪಾಯಿ ಬಂದು ಡಬ್ಬಿ ಕೆಟ್ಟೈತಿ ಅಂತ ಒದರಾಕತ್ತಿದ್ದ. ನಾನ ಹೇಳಿದೆ, ಕೆಟ್ಟಿಲ್ಲೋ, ಅದಕ್ಕ ನೀರಡಿಕಿ ಆಗೇತಿ ಅಂತ. ಊರ ಮಂದಿ ಎಲ್ಲಾ ಕೇಳಿದ್ರು."

ನೀರಿಲ್ಲದೆ ಸರಳು ಒಣಗಿತ್ತು. ಸರಳು ಒಣಗಿ ಸುದ್ದಿ ನಿಂತಿತ್ತು. ಸುದ್ದಿ ನಿಂತು ಮೋಟರು ನಿಂತಿತ್ತು. ಮೋಟರು ನಿಂತು ನೀರಿರಲಿಲ್ಲ. ಟಾಕಿಯ ಕೆಳಗೆ ನಿಂತು ಇದನ್ನು ಒಂದು ಸುತ್ತು ಯೋಚಿಸಿದೆ. ಆ ಕೂಸಿನ ಒಣಗಿದ ತುಟಿ ಕಣ್ಣೆದುರಿಗೆ ಬಂತು. ಒಬ್ಬರ ಹೆಸರಿಗಾಗಿ ನಾನು ಊರಿನ ನೀರನ್ನು ಮಣ್ಣಿಗೆ ಸುರಿಯುತ್ತಿದ್ದೆ. ಆ ಹೆಸರಿನವರು ಬದುಕಿದ್ದಾಗ, ನಲ್ಲಿಯ ಹತ್ತಿರ ಕೊಡ ಖಾಲಿ ಇದ್ದರೆ ಊಟಕ್ಕೆ ಕೂರುತ್ತಿರಲಿಲ್ಲ.

ಮೊದಲು ಮೋಟರು ಹಾಕಿ, ಟಾಕಿ ಹತ್ತಿ ನೋಡಿ, ಎಲ್ಲ ಓಣಿಗೂ ನೀರು ಬಿಟ್ಟೆ. ಮಧ್ಯಾಹ್ನ ಮಂಡಲದ ಕಚೇರಿಗೆ ಹೋದೆ.

"ತಪ್ಪು ತಂತೀದ ಐತ್ರಿ," ಎಂದೆ. "ಎರಡು ಎಳೆಯೂದು ಬಿಟ್ಟು ಒಂದ ಎಳದಾರ. ನನಗ ತಿಂಗಳಾತು ಗೊತ್ತಾಗಿ. ಮುಚ್ಚಿಟ್ಟೆ."

ಪ್ರಧಾನರು ಕನ್ನಡಕ ತೆಗೆದರು. ಬೈಯುತ್ತಾರೆ ಎಂದು ಕಾಯುತ್ತಿದ್ದೆ. "ಮತ್ತ ಬಿಚ್ಚಾಕ ಬಿಡೂದಿಲ್ಲ ಅಂದಿದ್ದಿ?" ಎಂದರು ಅಷ್ಟೇ.

"ನಾನ ಬಿಚ್ಚತೇನ್ರಿ. ಬಿಚ್ಚಿ ಎರಡೆಳಿ ಮಾಡಿ ನೇರಕ್ಕ ಎಳೀತೇನಿ. ಹೊಸಾ ವೈರು ಬ್ಯಾಡ, ಮನ್ಯಾಗ ಉಳದ ಸುರುಳಿ ಐತಿ. ಗೌಡ್ರು ಹೊಲದಾಗ ಹಾಯಾಕ ಬಿಟ್ರ ಇದ್ದದ್ದ ಸಾಲ್ತೈತಿ."

"ಗೌಡ ಬಿಡೂದಿಲ್ಲವಾ. ನಿನ್ನ ಗಂಡಗೂ ಬಿಟ್ಟಿಲ್ಲ."

ಆದರೂ ಹೋದೆ. ಗೌಡರು ಕಟ್ಟೆಯ ಮೇಲೆ ಕುಳಿತು ಪುಂಡಿನಾರಿನ ಹಗ್ಗ ಹೊಸೆಯುತ್ತಿದ್ದರು. ಕುಂದ್ರು ಎನ್ನಲಿಲ್ಲ, ಹೋಗು ಎಂದೂ ಅನ್ನಲಿಲ್ಲ. ನಿಂತೇ ಹೇಳಿದೆ. ಹೊಲದ ನಡುವೆ ಕಂಬ ಬೇಡ. ಹೊಲಕ್ಕೆ ಎರಡು ಅಡ್ಡ ಬದುಗಳಿವೆ, ಆ ಬದುಗಳ ಮೇಲೆ ಒಂದೊಂದು ಕಂಬ. ಎತ್ತಿನ ಕುಂಟೆಗೆ ಅಡ್ಡ ಬರುವುದಿಲ್ಲ.

ಅವರು ನಾರಿನಿಂದ ಕಣ್ಣೆತ್ತದೆ ಕೇಳುತ್ತಿದ್ದರು. ಕಡೆಗೆ, "ನಿನ್ನ ಗಂಡ ಹಿಂಗ ಕೇಳಲಿಲ್ಲ," ಎಂದರು.

"ಹೆಂಗ ಕೇಳಿದ್ರು ಅವರು?"

"ಕೇಳಿದ್ದ ಇಲ್ಲ. ನಾನು ಹೊಲಕ್ಕ ಹೋಗೂದ್ರಾಗ ಹತ್ತಿ ಸಾಲಿನ ನಡುವ ಎರಡ ಕುಣಿ ತೋಡಿದ್ದ. ಯಾಕಪಾ ಅಂದ್ರ, ಊರ ಕೆಲಸಾ ಗೌಡ್ರ, ನಿಮ್ಮನ್ನೇನ್ ಕೇಳೂದು ಅಂದ. ಊರ ಕೆಲಸಾ ಆದ್ರ ಊರ ಹೊಲದಾಗ ತೋಡು ಅಂದೆ."

ಈ ಮಾತು ನಮ್ಮ ಮನೆಯವರು ನನಗೆ ಹೇಳಿರಲಿಲ್ಲ. ಗೌಡ ಹಟಮಾರಿ ಎಂದಷ್ಟೇ ಹೇಳಿದ್ದರು. ಗೌಡರು ಹೇಳಿದ ಧಾಟಿಯಲ್ಲೇ ಅವರ ದನಿ ಕೇಳಿಸಿತು. ಹೌದು, ಹಾಗೇ ಅಂದಿರುತ್ತಾರೆ. ಆ ದನಿ ನನಗೆ ಚೆನ್ನಾಗಿ ಗೊತ್ತು.

"ತಪ್ಪಾತ್ರಿ," ಎಂದೆ. "ಈಗ ನಾ ಕೇಳಾಕತ್ತೇನಿ."

"ಕಣಿಕಿ ಮೇವು ಹೇರಿದ ಬಂಡಿ ಕೆಳಗ ಹಾಯಬೇಕು. ಅಷ್ಟ ಎತ್ತರ ಕಟ್ಟಬೇಕು."

"ಕಟ್ಟತೇನ್ರಿ."

"ಮತ್ತ ಬಿತ್ತೂದ್ರೊಳಗ ಮುಗಸಬೇಕು. ಆಮ್ಯಾಲ ಹೊಲದಾಗ ಒಂದ ಹೆಜ್ಜಿ ಇಡಗೊಡೂದಿಲ್ಲ."

ಅಷ್ಟು ಹೇಳಿ ಮತ್ತೆ ಹಗ್ಗಕ್ಕೆ ಕೈ ಹಾಕಿದರು.

ಬಿಚ್ಚುವುದಕ್ಕೆ ಮೂರು ದಿನ ಹಿಡಿಯಿತು. ಕತ್ತರಿಸಿದ್ದರೆ ಒಂದು ದಿನ ಸಾಕಾಗುತ್ತಿತ್ತು. ತಂತಿಯಲ್ಲಿ ಗಂಟು ಹೆಚ್ಚಾಗಬಾರದೆಂದು ಪ್ರತಿ ಕಂಬದ ಟ್ಯೂಬಿನ ಪಟ್ಟಿಯನ್ನು ಉಗುರಿನಿಂದ ಬಿಡಿಸಿದೆ. ಅವರ ಗಂಟು ಬಿಗಿ. ಒಳಗೆ ಎರಡು ಸುತ್ತು, ಮೇಲೊಂದು, ಆಮೇಲೆ ತುದಿಯನ್ನು ಅಡಿಯಲ್ಲಿ ತೂರಿಸಿ ಎಳೆಯುವುದು. ಹತ್ತೊಂಬತ್ತು ಕಂಬದಲ್ಲೂ ಹಾಗೇ, ಒಂದರಲ್ಲೂ ಬೇರೆಯಾಗಿರಲಿಲ್ಲ. ಮೊದಲ ಕೆಲವು ಗಂಟು ಬಿಡಿಸಲು ಬಹಳ ಹೊತ್ತು ಹಿಡಿಯಿತು. ಎಂಟು-ಒಂಬತ್ತು ಮುಗಿಯುವಾಗ ಗಂಟಿನ ದಾರಿ ಕೈಗೆ ಗೊತ್ತಾಗಿತ್ತು. ಅವರ ಜೊತೆ ಇಷ್ಟು ವರ್ಷ ಬಾಳಿದರೂ ಅವರು ಗಂಟು ಹೇಗೆ ಹಾಕುತ್ತಾರೆ ಎಂದು ನಾನು ನೋಡಿರಲಿಲ್ಲ.

ಎರಡು ಎಳೆಯನ್ನೂ ಒಂದಕ್ಕೊಂದು ಹೊಸೆದು ಎಳೆಯಿರಿ, ಹಾಗೆ ಹೊಸೆದರೆ ಮೋಟರಿನ ಸದ್ದು ಸುದ್ದಿಯಲ್ಲಿ ಸೇರುವುದಿಲ್ಲ ಎಂದು ಎಂಜಿನಿಯರು ಕಾರ್ಡಿನಲ್ಲಿ ಬರೆದಿದ್ದರು. ಆರುನೂರು ಮೀಟರು ಹೊಸೆಯುವುದು ಹೇಗೆ? ಗೌಡರೇ ಹಗ್ಗ ಹೊಸೆಯುವ ಕಟ್ಟಿಗೆ ಕೊಟ್ಟು ಕಳಿಸಿದರು. ಬಂಡಿದಾರಿಯಲ್ಲಿ ಎರಡೆಳೆಯನ್ನು ಸ್ವಲ್ಪ ಸ್ವಲ್ಪವೇ ಚಾಚಿ, ಒಂದು ತುದಿಯನ್ನು ನಾನು ಹಿಡಿದೆ. ಇನ್ನೊಂದು ತುದಿಯಲ್ಲಿ ನಲ್ಲಿಯ ಹತ್ತಿರ ನನ್ನನ್ನು ಕೇಳಿದ ಆ ಹೆಂಗಸು ಕಟ್ಟಿಗೆ ತಿರುವಿದಳು. ಬಾ ಎಂದು ನಾನು ಕರೆದಿರಲಿಲ್ಲ. ಸವಣೂರಿನಿಂದ ಬೇರೆ ಕೆಲಸಕ್ಕೆ ಬಂದಿದ್ದ ಗೌಂಡಿ ಚಾಚಾ ಅದನ್ನು ನೋಡಿ ನಿಂತ.

"ಏನ್ರೀ ಅಕ್ಕಾರ, ನನ್ನ ಸಿಮೆಂಟು ಅಷ್ಟು ಗಟ್ಟಿ ಆಗಿದ್ದಕ್ಕ ನಿಮಗ ಇಷ್ಟು ತ್ರಾಸ ಆತಂತ?"

"ಹೌದೋ ಚಾಚಾ, ನಿನ್ನ ಗಡ್ಡ ಉಳೀತು," ಎಂದಳು ಅವಳು.

ಟಾಕಿಯ ಕಡೆಯ ಕುಣಿ ಗಟ್ಟಿ ನೆಲದಲ್ಲಿ ಬಂತು. ಅದನ್ನು ಚಾಚಾನೇ ಹಾರೆ ಹಾಕಿ ತೋಡಿಕೊಟ್ಟ. ಬದುವಿನ ಎರಡು ಕಂಬಗಳನ್ನು ಹುಗಿಯುವಾಗ ಗೌಡರು ತಾವೇ ಬಂದು, ಬಂಡಿಯ ಎತ್ತರಕ್ಕೆ ಒಂದು ಗಳ ಹಿಡಿದು ಅಳೆದರು. ನಾನು ಕಟ್ಟಿದ ಗಂಟು ನಮ್ಮ ಮನೆಯವರು ಕಟ್ಟುತ್ತಿದ್ದ ಗಂಟೇ. ಬೇರೆ ಗಂಟು ನನಗೆ ಗೊತ್ತಿರಲಿಲ್ಲ.

ರೋಹಿಣಿ ಮಳೆ ಬೀಳುವ ಮೊದಲು ಕೆಲಸ ಮುಗಿಯಿತು. ಟಾಕಿಯ ಕೆಳಗಿನ ಮಣ್ಣು ಕಲ್ಲಿನಂತೆ ಒಣಗಿದ್ದಾಗಲೇ ಡಬ್ಬಿಯಲ್ಲಿ ಅಂಕಿ ಬಂತು. ಮೋಟರು ನಡೆಯುವಾಗಲೂ ಹೋಗಲಿಲ್ಲ. ಎಂಟು ದಿನ ಕಾದೆ. ಇ-ಆರ್ ಒಮ್ಮೆಯೂ ಬರಲಿಲ್ಲ.

ಎಂಜಿನಿಯರು ನೋಡಲು ಬಂದರು. ಹೊಸ ದಾರಿಯನ್ನು ಕಂಬದಿಂದ ಕಂಬಕ್ಕೆ ನಡೆದು ನೋಡಿದರು. ಹಳೆಯದರ ಕಥೆ ಹೇಳಿದೆ. ಅವರು ನನಗೆ ನೋವಾಗಬಾರದೆಂದು ಮಾತು ಹುಡುಕಿ ಹೇಳಿದರು.

"ಹಂಗ ನೋಡಿದ್ರ ಅವರದು ಪೂರಾ ತಪ್ಪಲ್ರಿ ಅಕ್ಕಾರ. ಮಳಿಗಾಲದ ಕೊನೀಗೆ ನಡೀತು. ಚಳಿಗಾಲದಾಗೂ ನಡೀತು. ಶಾಣ್ಯಾ ಇದ್ರು."

"ಶಾಣ್ಯಾ ಇದ್ರು, ಖರೆ," ಎಂದೆ. "ಆದ್ರ ನೀರು ಬೇಕಾಗೂದು ಬ್ಯಾಸಿಗ್ಯಾಗ್ರಿ. ಅದು ಅವರಿಗೂ ಗೊತ್ತಿತ್ತು."

ಅವರನ್ನು ಕಳೆದುಕೊಂಡ ಮೇಲೆ ನಾನು ಅವರ ಮೇಲೆ ಹೊರಿಸಿದ ಮೊದಲ ತಪ್ಪು ಅದು. ಬದುಕಿದ್ದಾಗ ದಿನಕ್ಕೆ ಹತ್ತು ಹೊರಿಸುತ್ತಿದ್ದೆ. ಹೇಳಿದ ಮೇಲೆ ಎದೆ ಹಗುರಾಯಿತು ಎಂದು ಬರೆದರೆ ಸುಳ್ಳಾಗುತ್ತದೆ. ಆದರೆ ಸತ್ತವರ ಬಗ್ಗೆ ಒಳ್ಳೆಯದನ್ನೇ ಆಡುವ ಮಂದಿಯ ನಡುವೆ ನಾಲ್ಕು ತಿಂಗಳು ದೂರ ದೂರ ಹೋಗುತ್ತಿದ್ದ ಮನುಷ್ಯ, ಕೇಳದೆ ಕುಣಿ ತೋಡುವ, ನಗಿಸಿ ಮಾತು ಮರೆಸುವ, ಬಿಗಿಯಾಗಿ ಗಂಟು ಹಾಕುವ ಆ ಮನುಷ್ಯ, ಆ ಹೊತ್ತಿಗೆ ನನ್ನ ಹತ್ತಿರ ಇದ್ದರು.

ಎಂಜಿನಿಯರು ಬಸ್ಸಿಗೆ ಹೊರಟರು. ನಾಲ್ಕನೆಯ ಓಣಿಗೆ ನೀರು ಬಿಡುವ ಹೊತ್ತಾಗಿತ್ತು. ವಾಲ್ವಿನ ಕೀಲಿ ತೆಗೆದುಕೊಂಡು ನಾನೂ ನಡೆದೆ.